ಕೀಲಿ ಹೊಂದುತ್ತದೆ, ಆದರೂ ಸೋರುತ್ತದೆ: ನಾಯ್ಸ್ ತಂತಿಯ ದೋಷ ನಿವಾರಣೆ ಕೈಪಿಡಿ

ಭೌತಶಾಸ್ತ್ರದ ನಿಯಮ ನಂಬಿ ಗೂಢಕೀಲಿ (ಸಂದೇಶ ಮುಚ್ಚಿಡಲು ಎರಡು ತುದಿಯವರಿಗೆ ಮಾತ್ರ ಗೊತ್ತಿರಬೇಕಾದ ಬಿಟ್‌ಗಳ ಸಾಲು) ಹಂಚುವ ಸೆಟ್‌ಅಪ್‌ಗೆ ಎರಡು ಥರದ ರೋಗ ಬರುತ್ತದೆ. ಒಂದು, ಎರಡು ತುದಿಯ ಕೀಲಿ ಹೊಂದದೇ ಇರುವುದು. ಇದು ಪರದೆ ಮೇಲೆ ಕಾಣುತ್ತದೆ, ಯಾರಾದರೂ ಕೂತು ರಿಪೇರಿ ಮಾಡುತ್ತಾರೆ. ಇನ್ನೊಂದು, ಕೀಲಿ ಚೆನ್ನಾಗಿ ಹೊಂದುತ್ತಲೇ ನಡುವೆ ಕದ್ದು ಕೇಳುವವನಿಗೂ ತಿಳಿಯುತ್ತಿರುವುದು. ಇದಕ್ಕೆ ಯಾವ ದೀಪವೂ ಹತ್ತುವುದಿಲ್ಲ. ಮೊದಲ ರೋಗಕ್ಕೆ ನಾವು ಕೊಡುವ ಮದ್ದೇ ಎರಡನೆಯದನ್ನು ಬೆಳೆಸುತ್ತದೆ ಅನ್ನುವುದು ಇಲ್ಲಿಯ ತಲೆನೋವು. ಹಾಗಾಗಿ ಈ ಕೈಪಿಡಿ ಹೆಚ್ಚು ಹೊತ್ತು ಕಳ್ಳನ ಕುರ್ಚಿಯಲ್ಲೇ ಕೂರುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸಿಗುವ ಸಾಮಾನಿನಿಂದಲೇ ಕಟ್ಟಬಹುದಾದ ಕಿರ್ಖಾಫ್–ಜಾನ್ಸನ್ ನಾಯ್ಸ್ ಪದ್ಧತಿಯನ್ನು ಇಲ್ಲಿ ತೆಗೆದುಕೊಂಡಿದೆ. ನಾಯ್ಸ್ ಅಂದರೆ ರೆಸಿಸ್ಟರಿನಲ್ಲಿ ತಾನಾಗಿ ಆಗುವ ವೋಲ್ಟೇಜಿನ ಅಡ್ಡಾದಿಡ್ಡಿ ಏರಿಳಿತ. 2005ರಲ್ಲಿ ಲಾಸ್ಲೊ ಕಿಶ್ ಮುಂದಿಟ್ಟ ಪದ್ಧತಿ ಇದು. ಕೊನೆಯಲ್ಲಿ ಫೋಟಾನ್ (ಬೆಳಕಿನ ಕಣ) ಪದ್ಧತಿಯ ಬಗ್ಗೆಯೂ ಬೇಕಾದಷ್ಟು ಇದೆ.

ಸೆಟ್‌ಅಪ್ ಮತ್ತು ಸರಿಯಾದ ಅಂಕಿಗಳು

ಒಂದು ತುದಿಗೆ ‘ಕ’, ಇನ್ನೊಂದಕ್ಕೆ ‘ಬ’ ಅಂತ ಕರೆಯೋಣ. ಕಲಬುರಗಿ, ಬೀದರ್ ಅಂದುಕೊಂಡರೂ ಆಯಿತು. ಎರಡೂ ತುದಿಯಲ್ಲಿ 1 ಕಿಲೋಓಮ್ ಮತ್ತು 10 ಕಿಲೋಓಮ್‌ನ ಒಂದೊಂದು ಮೆಟಲ್ ಫಿಲ್ಮ್ ರೆಸಿಸ್ಟರ್, ಪ್ರತಿಯೊಂದರ ಜೊತೆ ಸರಣಿಯಲ್ಲಿ ಅದರದೇ ನಾಯ್ಸ್ ಜನರೇಟರ್. ಪ್ರತಿ ಸರದಿಯಲ್ಲಿ ಎರಡೂ ತುದಿಯವರು ಯಾದೃಚ್ಛಿಕವಾಗಿ ಒಂದನ್ನು ಆರಿಸಿ ತಂತಿಗೆ ಹಚ್ಚುತ್ತಾರೆ. ಇಬ್ಬರೂ ಚಿಕ್ಕದನ್ನು ಹಚ್ಚಿದರೆ ಅಥವಾ ಇಬ್ಬರೂ ದೊಡ್ಡದನ್ನು ಹಚ್ಚಿದರೆ ತಂತಿಯ ಮೇಲಿನ ನಾಯ್ಸ್ ನೋಡಿ ಯಾರು ಬೇಕಾದರೂ ಹೇಳಬಹುದು; ಆ ಸರದಿಯನ್ನು ಬಿಸಾಡಬೇಕು. ಒಂದು ಕಡೆ ಚಿಕ್ಕದು, ಒಂದು ಕಡೆ ದೊಡ್ಡದು ಇದ್ದಾಗ ಮಾತ್ರ ಯಾವ ಕಡೆ ಯಾವುದು ಅಂತ ಹೊರಗಿನವನಿಗೆ ತಿಳಿಯುವುದಿಲ್ಲ. ತಾನು ಹಚ್ಚಿದ್ದು ಯಾವುದು ಅಂತ ಗೊತ್ತಿರುವುದರಿಂದ ಕ ಮತ್ತು ಬ ಇಬ್ಬರಿಗೂ ತಿಳಿಯುತ್ತದೆ. ಅದೇ ಒಂದು ಬಿಟ್.

ಜನರೇಟರ್ ಯಾಕೆ ಬೇಕು ಅಂದರೆ ರೆಸಿಸ್ಟರ್‌ನ ಸಹಜ ನಾಯ್ಸ್ ತೀರಾ ಸಣ್ಣದು. 1 ಕಿಲೋಓಮ್, 500 ಹರ್ಟ್ಜ್ ಆವರ್ತನ ಪಟ್ಟಿಯ ಅಗಲ (ಬ್ಯಾಂಡ್‌ವಿಡ್ತ್), 300 ಕೆಲ್ವಿನ್‌ಗೆ ಅದು 0.09 ಮೈಕ್ರೋವೋಲ್ಟ್. ನಾವು ಕೃತಕವಾಗಿ 0.5 ವೋಲ್ಟ್ ಕೊಡುತ್ತೇವೆ. ಲೆಕ್ಕದಲ್ಲಿ ಇದು ಸುಮಾರು ತೊಂಬತ್ತು ಕೋಟಿ ಕೋಟಿ ಕೆಲ್ವಿನ್ ಉಷ್ಣತೆಗೆ ಸಮ. ಮೇ ತಿಂಗಳ ಕಲಬುರಗಿಯೂ ಇದರ ಮುಂದೆ ತಂಪು. ರೂಮಿನ ಬಿಸಿ ನಾಯ್ಸನ್ನು ನೇರವಾಗಿ ಹೆಚ್ಚಿಸುವುದಿಲ್ಲ. ಆದರೆ ಬೇರೆ ದಾರಿಯಿಂದ ಕಾಡುತ್ತದೆ, ಅದು ಮುಂದೆ ಬರುತ್ತದೆ.

1 ಕಿಲೋಓಮ್‌ಗೆ 0.500 ವೋಲ್ಟ್ ಆರ್‌ಎಂಎಸ್ (ವರ್ಗ ಸರಾಸರಿಯ ವರ್ಗಮೂಲ) ಇಟ್ಟರೆ 10 ಕಿಲೋಓಮ್‌ಗೆ 1.581 ವೋಲ್ಟ್ ಇರಬೇಕು. ವೋಲ್ಟೇಜಿನ ವರ್ಗ ರೋಧಕ್ಕೆ ಅನುಪಾತದಲ್ಲಿರಬೇಕು ಅನ್ನುವುದೇ ಈ ಪದ್ಧತಿಯ ಬೆನ್ನೆಲುಬು. ಅಗಲ 500 ಹರ್ಟ್ಜ್, ಅಳೆಯುವ ಅವಧಿ 0.1 ಸೆಕೆಂಡ್; ಅಂದರೆ ಒಂದು ಬಿಟ್ಟಿಗೆ ಸುಮಾರು 100 ಸ್ವತಂತ್ರ ಮಾದರಿ. ಆಗ ತಂತಿಯ ಮೇಲೆ ಕಾಣಬೇಕಾದದ್ದು: ಚಿಕ್ಕ–ಚಿಕ್ಕ ಇದ್ದಾಗ 0.354 ವೋಲ್ಟ್, 354 ಮೈಕ್ರೋಆಂಪ್; ಮಿಶ್ರ ಇದ್ದಾಗ 0.477 ವೋಲ್ಟ್, 151 ಮೈಕ್ರೋಆಂಪ್. ದೊಡ್ಡ–ದೊಡ್ಡ ಇದ್ದಾಗ 1.118 ವೋಲ್ಟ್, 112 ಮೈಕ್ರೋಆಂಪ್. ಈ ಆರು ಅಂಕಿಗಳನ್ನು ಕಾಗದದಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಒಂದೊಂದು ಸ್ಥಿತಿಯನ್ನು ಕೈಯಿಂದ ಹಚ್ಚಿ ಒಂದು ನಿಮಿಷ ಸರಾಸರಿ ತೆಗೆದಾಗ ಇವುಗಳಿಗೆ ಶೇ. 2ರೊಳಗೆ ಬರದಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಡಿ.

ಲಕ್ಷಣ: ಕೀಲಿ ಹೊಂದುತ್ತಿಲ್ಲ

ಇದು ಸುಲಭದ ಭಾಗ. ರಿಲೇ ಕಚ್ಚಿಕೊಂಡಿದೆಯೇ, ಎರಡು ತುದಿಯ ಗಡಿಯಾರ ಕೂಡಿಕೊಂಡಿದೆಯೇ, ಬ್ರೆಡ್‌ಬೋರ್ಡಿನ ಸಂಪರ್ಕ ಸಡಿಲವೇ ನೋಡಿ. ಇವೆಲ್ಲ ಸರಿ ಇದ್ದೂ ನೂರಕ್ಕೆ ಒಂದೆರಡು ಬಿಟ್ ತಪ್ಪುತ್ತಿದ್ದರೆ ಬಹುತೇಕ ಕಾರಣ ಒಂದೇ: ವೋಲ್ಟೇಜ್ ಒಂದನ್ನೇ ನೋಡಿ ತೀರ್ಮಾನಿಸುತ್ತಿದ್ದೀರಿ. 0.354ಕ್ಕೂ 0.477ಕ್ಕೂ ನಡುವಿನ ಅಂತರ ಕಡಿಮೆ, 100 ಮಾದರಿಯಲ್ಲಿ ವರ್ಗ ಸರಾಸರಿ ಶೇ. 14ರಷ್ಟು ಅತ್ತಿತ್ತ ಆಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಅವಧಿಯನ್ನು 0.1ರಿಂದ 1 ಸೆಕೆಂಡಿಗೆ ಏರಿಸುವುದು. ಬಿಟ್ ತಪ್ಪು ಮಾಯವಾಗುತ್ತದೆ, ಎಲ್ಲರಿಗೂ ಖುಷಿ. ಕಳ್ಳನಿಗೆ ಇನ್ನೂ ಖುಷಿ, ಯಾಕೆಂದರೆ ಅವನಿಗೂ ಹತ್ತು ಪಟ್ಟು ಮಾದರಿ ಸಿಕ್ಕಿತು. ಅವಧಿ ಮುಟ್ಟಬೇಡಿ. ಬದಲಿಗೆ ಎರಡನ್ನೂ ಅಳೆಯಿರಿ: ವೋಲ್ಟೇಜ್ 0.73ಕ್ಕಿಂತ ಹೆಚ್ಚಿದ್ದರೆ ದೊಡ್ಡ–ದೊಡ್ಡ, ಕರೆಂಟ್ 231 ಮೈಕ್ರೋಆಂಪ್‌ಗಿಂತ ಹೆಚ್ಚಿದ್ದರೆ ಚಿಕ್ಕ–ಚಿಕ್ಕ, ಎರಡೂ ಅಲ್ಲದಿದ್ದರೆ ಮಿಶ್ರ. ಹೀಗೆ ಮಾಡಿದರೆ 100 ಮಾದರಿಯೇ ಧಾರಾಳ.

ಲಕ್ಷಣ: ಕೀಲಿ ಹೊಂದುತ್ತಿದೆ, ಕಳ್ಳನ ಊಹೆಯೂ ಹೊಂದುತ್ತಿದೆ

ಮೊದಲು ಅಳತೆಗೋಲು. ಕಳ್ಳ ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ ಐವತ್ತು ಸರಿ ಇರುತ್ತದೆ. ಐವತ್ತರ ಮೇಲೆ ಎಷ್ಟು ಅನ್ನುವುದೇ ಸೋರಿಕೆ. 1,000 ಬಿಟ್ ಮೇಲೆ ಪರೀಕ್ಷೆ ಮಾಡಿದರೆ ಅದೃಷ್ಟದಿಂದಲೇ ಶೇ. 1.6ರಷ್ಟು ಏರುಪೇರು ಇರುತ್ತದೆ; ಶೇ. 52 ಬಂದರೆ ಏನೂ ಹೇಳಲಿಕ್ಕಾಗದು. 10,000 ಮಿಶ್ರ ಬಿಟ್ ತೆಗೆಯಿರಿ, ಏರುಪೇರು ಶೇ. 0.5ಕ್ಕೆ ಇಳಿಯುತ್ತದೆ. ಸರದಿಗೆ 0.1 ಸೆಕೆಂಡ್ ಅಳತೆ, 0.03 ಸೆಕೆಂಡ್ ಬದಲಾವಣೆ, ಅರ್ಧ ಸರದಿ ಬಿಸಾಡಿದ್ದು ಹಿಡಿದರೆ ಇದಕ್ಕೆ ಮುಕ್ಕಾಲು ಗಂಟೆ ಸಾಕು. ಕರೆಂಟ್ ಹೋಗುವ ಹೊತ್ತು ತಪ್ಪಿಸಿ ಶುರು ಮಾಡಿ. ನಡುವೆ ಇನ್ವರ್ಟರ್ ಹತ್ತಿಕೊಂಡರೆ ಆ ದಾಖಲೆ ಕೆಟ್ಟಿತು ಅಂತಲೇ ತಿಳಿಯಿರಿ.

ತಂತಿಯ ರೋಧ

ನಮ್ಮ ಪೇಟೆಯಲ್ಲಿ ಎಲ್ಲ ಕಡೆ ಸಿಗುವುದು 305 ಮೀಟರಿನ ಕ್ಯಾಟ್-5ಇ ಡಬ್ಬಿ. ಒಂದು ಜೋಡಿಯಲ್ಲಿ ಹೋಗುವ, ಬರುವ ತಂತಿ ಸೇರಿ 20 ಡಿಗ್ರಿಯಲ್ಲಿ 51 ಓಮ್‌ನಷ್ಟು ಇರಬೇಕು. ದೂರದ ತುದಿಯಲ್ಲಿ ಜೋಡಿಯನ್ನು ಹೆಣೆದು ಶಾರ್ಟ್ ಮಾಡಿ ಮಲ್ಟಿಮೀಟರ್ ಹಿಡಿಯಿರಿ. 80 ಓಮ್ ತೋರಿಸಿದರೆ ಡಬ್ಬಿ ಮೇಲೆ ಏನೇ ಬರೆದಿರಲಿ, ಒಳಗಿರುವುದು ತಾಮ್ರ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ಖಚಿತ ಮಾಡಿಕೊಳ್ಳಲು ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕೆರೆಯಿರಿ. ಕೆಂಪು ಸಿಪ್ಪೆಯ ಕೆಳಗೆ ಬೆಳ್ಳಗೆ ಹೊಳೆದರೆ ಅದೇ. ನಾಲ್ಕೈದು ಸಲ ಮಡಿಸಿ ಬಿಚ್ಚಿದರೆ ಪಟ್ಟನೆ ಮುರಿಯುವುದೂ ಇದರ ಗುರುತು. ಇಂಟರ್ನೆಟ್ ಓಡಿಸಲು ಇದು ಹೇಗೋ ನಡೆದೀತು, ಈ ಕೆಲಸಕ್ಕೆ ಬೇಡ.

ಯಾಕೆ ಅಂದರೆ ಆದರ್ಶ ತಂತಿಯಲ್ಲಿ ಎರಡೂ ತುದಿಯ ವೋಲ್ಟೇಜ್ ಒಂದೇ. ತಂತಿಗೆ ರೋಧ ಇದ್ದರೆ ತುದಿಯಿಂದ ತುದಿಗೆ ಸಣ್ಣ ವ್ಯತ್ಯಾಸ ಬೀಳುತ್ತದೆ. ತಂತಿಯನ್ನು ಬಿಸಿ ಮಾಡುವ ಶಕ್ತಿ ಎರಡೂ ಕಡೆಯಿಂದ ಬರಬೇಕು. ಅದು 10 ಕಿಲೋಓಮ್ ಇರುವ ಕಡೆಯಿಂದ ಹತ್ತು ಪಾಲು, 1 ಕಿಲೋಓಮ್ ಕಡೆಯಿಂದ ಒಂದು ಪಾಲು ಬರುತ್ತದೆ. ಯಾವ ಕಡೆಯಿಂದ ಹೆಚ್ಚು ಹರಿಯುತ್ತಿದೆ ಅಂತ ಕಂಡರೆ ಬಿಟ್ ಕಂಡಂತೆ.

ಇಲ್ಲಿ ಪರೀಕ್ಷೆ ಮಾಡುವವರೇ ಮೋಸ ಹೋಗುತ್ತಾರೆ. ಕ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಆರ್‌ಎಂಎಸ್ ಬರೆದುಕೊಂಡು, ಆಮೇಲೆ ಬ ತುದಿಗೆ ಹೋಗಿ ಬರೆದುಕೊಂಡು, ಎರಡೂ ಒಂದೇ ಬಂತು, ಸೋರಿಕೆ ಇಲ್ಲ ಅಂದುಬಿಡುತ್ತಾರೆ. 51 ಓಮ್‌ಗೆ ವರ್ಗ ಸರಾಸರಿಯ ವ್ಯತ್ಯಾಸ ಹತ್ತು ಸಾವಿರಕ್ಕೆ ಎರಡು ಮಾತ್ರ, ಯಾವ ಮೀಟರೂ ತೋರಿಸದು. ಆದರೆ ಎರಡೂ ತುದಿಯನ್ನು ಒಂದೇ ಕ್ಷಣದಲ್ಲಿ ಅಳೆದು ಮಾದರಿಗೆ ಮಾದರಿ ಕಳೆದರೆ ಎರಡಕ್ಕೂ ಸಮಾನವಾದ ನಾಯ್ಸ್ ಹೊಡೆದುಹೋಗಿ ಉಳಿದದ್ದು ಮೇಲೆ ಬರುತ್ತದೆ. ಎಂಟು ಬಿಟ್ಟಿನ ಸ್ಕೋಪಿನಲ್ಲೂ ಆಗದು: ಪೂರ್ತಿ 4 ವೋಲ್ಟ್ ಅಳತೆಯಲ್ಲಿ ಅದರ ಒಂದು ಮೆಟ್ಟಿಲೇ 15.6 ಮಿಲಿವೋಲ್ಟ್, ನಾವು ಹುಡುಕುವ ಡ್ರಾಪ್ 8 ಮಿಲಿವೋಲ್ಟಿಗಿಂತ ಕಡಿಮೆ.

ಮಾಡುವ ಕ್ರಮ ಹೀಗೆ. ತಂತಿಯನ್ನು ಗೋಡೆ ದಾಟಿಸಿ ಎಳೆಯುವ ಮುಂಚೆಯೇ, ಡಬ್ಬಿಯಲ್ಲಿ ಸುತ್ತಿದ್ದಾಗಲೇ ಮಾಡಿ. ಒಳತುದಿಯನ್ನೂ ಹೊರಗೆ ತೆಗೆದರೆ ಎರಡೂ ತುದಿ ಒಂದೇ ಮೇಜಿನ ಮೇಲೆ ಇರುತ್ತವೆ.

1. ಹೋಗುವ ತಂತಿಯ ಎರಡು ತುದಿಗಳ ನಡುವೆ ಐಎನ್‌ಎ128 ಅಥವಾ ಎಡಿ620 ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಹಚ್ಚಿ, ಗೇನ್ 100. ಒಂದೇ ತಂತಿಯ ಡ್ರಾಪ್ ಆದ್ದರಿಂದ ಸುಮಾರು 4 ಮಿಲಿವೋಲ್ಟ್, ಹೊರಗೆ 0.4 ವೋಲ್ಟ್ ಬರುತ್ತದೆ.
2. ಒಂದು ತುದಿಯ ವೋಲ್ಟೇಜನ್ನು ಎರಡನೇ ಚಾನೆಲ್‌ಗೆ ಕೊಡಿ. ಸರಿಯಾದ ಲೆಕ್ಕಕ್ಕೆ ಎರಡೂ ತುದಿಯ ಸರಾಸರಿ ಬೇಕು. ಡ್ರಾಪ್ ಗೊತ್ತಿರುವುದರಿಂದ ಅದನ್ನು ಪ್ರೋಗ್ರಾಮಿನಲ್ಲೇ ಮಾಡಬಹುದು.
3. ಎರಡನ್ನೂ ಒಟ್ಟಿಗೆ ಸೆಕೆಂಡಿಗೆ 5,000 ಮಾದರಿಯಂತೆ ದಾಖಲಿಸಿ. ಪ್ರತಿ ಸರದಿಗೆ ಗುಣಿಸಿ ಸರಾಸರಿ ತೆಗೆಯಿರಿ.
4. ಸರಾಸರಿ ಗಡಿಗಿಂತ ಮೇಲಿದ್ದರೆ ‘ಕ ಕಡೆ ದೊಡ್ಡದು’, ಕೆಳಗಿದ್ದರೆ ‘ಬ ಕಡೆ ದೊಡ್ಡದು’ ಅಂತ ಊಹೆ ಬರೆಯಿರಿ. ಕೊನೆಗೆ ನಿಜವಾದ ಬಿಟ್ ಜೊತೆ ಹೋಲಿಸಿ ಎಣಿಸಿ.

ಗಡಿ ಸೊನ್ನೆ ಅಂತ ಇಡಬೇಡಿ. ಎಲ್ಲ ಮಿಶ್ರ ಸರದಿಗಳ ಮಧ್ಯಕ ಇಡಿ. ಎರಡು ತುದಿಯ ಜನರೇಟರ್‌ಗಳಲ್ಲಿ ಶೇ. 1 ವ್ಯತ್ಯಾಸ ಇದ್ದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಿರವಾದ ಶಕ್ತಿ ಹರಿಯುತ್ತದೆ, ಅದು ಹುಡುಕುವ ಸಂಕೇತದಷ್ಟೇ ದೊಡ್ಡದು. ಸೊನ್ನೆ ಗಡಿ ಇಟ್ಟವನಿಗೆ ಸೋರಿಕೆಯ ದೊಡ್ಡ ಪಾಲು ಕಾಣುವುದೇ ಇಲ್ಲ. ಕಳ್ಳ ಅಷ್ಟು ದಡ್ಡ ಅಲ್ಲ.

ಲೆಕ್ಕದ ಪ್ರಕಾರ ಬರಬೇಕಾದದ್ದು: ಸುಮಾರು 50 ಓಮ್, 100 ಮಾದರಿಗೆ ಶೇ. 52.6. ಅದೇ ತಂತಿ, ಅವಧಿ 1 ಸೆಕೆಂಡ್ ಮಾಡಿದರೆ ಶೇ. 58. ಅಲ್ಯೂಮಿನಿಯಂ ತಂತಿಯ 80 ಓಮ್‌ಗೆ, 1 ಸೆಕೆಂಡಿಗೆ, ಶೇ. 63. ಮೇಲೆ ಹೇಳಿದ ‘ಬಿಟ್ ತಪ್ಪು ಸರಿಪಡಿಸಿದ’ ಸೆಟ್‌ಅಪ್ ಇದೇ ನೋಡಿ.

ಸರಿಪಡಿಸಲು ನಾಲ್ಕೂ ಜೋಡಿಯನ್ನು ಒಟ್ಟು ಮಾಡಿ: ಬಣ್ಣದ ನಾಲ್ಕು ಎಳೆ ಹೋಗಲು, ಬಿಳಿ ಪಟ್ಟೆಯ ನಾಲ್ಕು ಬರಲು. ರೋಧ 13 ಓಮ್‌ಗೆ ಇಳಿಯುತ್ತದೆ, 1 ಸೆಕೆಂಡಿನ ಅವಧಿಯಲ್ಲೂ ಕಳ್ಳನಿಗೆ ಶೇ. 52 ಮಾತ್ರ. ಕೆಪಾಸಿಟನ್ಸ್ (ತಂತಿಗಳ ನಡುವೆ ಚಾರ್ಜ್ ಹಿಡಿದಿಡುವ ಗುಣ) ಏರುತ್ತದೆ ಅನ್ನುವುದು ಇದರ ಬೆಲೆ.

ತಾಮ್ರದ ರೋಧ ಡಿಗ್ರಿಗೆ ಶೇ. 0.39 ಏರುತ್ತದೆ. ಎರಡು ಬ್ಲಾಕಿನ ನಡುವೆ ತಾರಸಿ ಮೇಲೆ ಎಳೆದ ತಂತಿ ಬೇಸಿಗೆ ಮಧ್ಯಾಹ್ನ 60 ಡಿಗ್ರಿ ಮುಟ್ಟಿದರೆ 51 ಓಮ್ ಇದ್ದದ್ದು 59 ಆಗುತ್ತದೆ. ಪರೀಕ್ಷೆ ಬೆಳಿಗ್ಗೆ ಎಂಟಕ್ಕೆ ಅಲ್ಲ, ಮಧ್ಯಾಹ್ನ ಮೂರಕ್ಕೆ ಮಾಡಿ.

ಜನರೇಟರ್‌ಗಳು ಹೊಂದದಿರುವುದು

ಒಂದು ಲ್ಯಾಬಿಗೆ ಏಸಿ, ಇನ್ನೊಂದಕ್ಕೆ ಫ್ಯಾನು. ಒಂದು ಬೋರ್ಡ್ 24 ಡಿಗ್ರಿಯಲ್ಲಿ, ಇನ್ನೊಂದು 41ರಲ್ಲಿ. ಝೀನರ್ ಡಯೋಡ್ ಅಥವಾ ಬಿಸಿ547 ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ಉಲ್ಟಾ ಹಚ್ಚಿ ನಾಯ್ಸ್ ತೆಗೆದಿದ್ದರೆ ಅದರ ಮಟ್ಟ ಬಿಸಿಗೆ ಸರಿಯುತ್ತದೆ. ಒಂದು ತುದಿಯ ಮಟ್ಟ ಶೇ. 1 ಹೆಚ್ಚಾದರೆ ಶಕ್ತಿ ಶೇ. 2 ಹೆಚ್ಚಾಯಿತು, ಆಗ ‘ಕ ದೊಡ್ಡದು’ ಮತ್ತು ‘ಬ ದೊಡ್ಡದು’ ಸ್ಥಿತಿಗಳ ವರ್ಗ ಸರಾಸರಿ ಶೇ. 1.6ರಷ್ಟು ಬೇರೆಯಾಗುತ್ತದೆ. 100 ಮಾದರಿಯಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ನೋಡುವ ಕಳ್ಳನಿಗೆ ಶೇ. 53.

ನಾಲ್ಕೂ ಜನರೇಟರ್‌ಗಳನ್ನು ಒಂದೇ ಟ್ರೂ ಆರ್‌ಎಂಎಸ್ ಮೀಟರಿನಿಂದ ಅಳೆಯಿರಿ. ಎರಡು ಲ್ಯಾಬಿಗೆ ಎರಡು ಮೀಟರ್ ಇಟ್ಟರೆ ಮೀಟರುಗಳ ನಡುವಿನ ವ್ಯತ್ಯಾಸವನ್ನೇ ಬೋರ್ಡಿಗೆ ಬರೆದಂತೆ. ಸಾಮಾನ್ಯ ಮೀಟರ್ ಸೈನ್ ಅಲೆಗೆ ಅಂತ ಲೆಕ್ಕ ಹಾಕಿ ತೋರಿಸುತ್ತದೆ, ಅದು ನಾಯ್ಸ್‌ಗೆ ತಪ್ಪು. ಹತ್ತು ತಿರುವಿನ ಟ್ರಿಮ್‌ಪಾಟ್‌ನಿಂದ ಶೇ. 0.2ರೊಳಗೆ ತನ್ನಿ, ಬೋರ್ಡ್ ಬಿಸಿಯಾಗಲು ಅರ್ಧ ಗಂಟೆ ಬಿಟ್ಟ ಮೇಲೆ.

ಇದರ ಅಣ್ಣನಂಥ ದೋಷ ಇನ್ನೊಂದಿದೆ: ಕ್ಲಿಪ್ಪಿಂಗ್. ಯಾರೋ ‘ಸಿಗ್ನಲ್ ದೊಡ್ಡದಿದ್ದರೆ ಒಳ್ಳೆಯದು’ ಅಂತ ಚಿಕ್ಕದಕ್ಕೆ 1 ವೋಲ್ಟ್, ದೊಡ್ಡದಕ್ಕೆ 3.16 ವೋಲ್ಟ್ ಇಡುತ್ತಾರೆ. ಟಿಎಲ್072 ಆಪ್‌ಆಂಪ್ ಪ್ಲಸ್ ಮೈನಸ್ 12 ವೋಲ್ಟಿನಲ್ಲಿ ಸುಮಾರು 10.5ರವರೆಗೆ ಮಾತ್ರ ಏರುತ್ತದೆ. ಸಾವಿರಕ್ಕೆ ಒಂದು ಮಾದರಿ ತಲೆ ಕತ್ತರಿಸಿಕೊಳ್ಳುತ್ತದೆ, ಅದೂ ದೊಡ್ಡ ರೆಸಿಸ್ಟರ್ ಕಡೆ ಮಾತ್ರ. ಈ ಪದ್ಧತಿ ಭದ್ರ ಇರುವುದು ನಾಯ್ಸ್ ಗಾಸಿಯನ್ (ಗಂಟೆಯಾಕಾರದ) ಹಂಚಿಕೆಯಲ್ಲಿದ್ದಾಗ. ಹಾಗಾಗಿಯೇ ನಮ್ಮ ಅಂಕಿ 0.5 ಮತ್ತು 1.581. ಅನುಮಾನ ಬಂದರೆ ಒಂದು ಲಕ್ಷ ಮಾದರಿ ತೆಗೆದು ಕರ್ಟೋಸಿಸ್ (ಹಂಚಿಕೆಯ ಬಾಲ ಎಷ್ಟು ದಪ್ಪ ಅನ್ನುವ ಅಂಕಿ) ಲೆಕ್ಕ ಹಾಕಿ. ಪೂರ್ತಿ 3 ಇರಬೇಕು, 2.9 ಬಂದರೆ ಎಲ್ಲೋ ತಲೆ ತಾಗುತ್ತಿದೆ.

ನೆಲ, ಅರ್ಥಿಂಗ್ ಮತ್ತು 50 ಹರ್ಟ್ಜ್

ನಮ್ಮ ಭಾಗದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ರಂಧ್ರ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಅರ್ಥಿಂಗ್ ಗುಂಡಿಯ ಸುತ್ತ ಮಣ್ಣು ಬಿಟ್ಟುಕೊಳ್ಳುತ್ತದೆ. ಬೀದರಿನ ಜಂಬಿಟ್ಟಿಗೆ ನೆಲವೂ ಒಣಗಿದರೆ ಕರೆಂಟಿಗೆ ದಾರಿ ಕೊಡುವುದು ಕಷ್ಟ. ಎರಡು ಬ್ಲಾಕಿನ ಅರ್ಥ್ ಪಿನ್‌ಗಳ ನಡುವೆ ಮೀಟರ್ ಹಿಡಿದರೆ ಏಸಿ ರೇಂಜಿನಲ್ಲಿ ನೂರಾರು ಮಿಲಿವೋಲ್ಟ್ ಕಂಡರೆ ಆಶ್ಚರ್ಯ ಬೇಡ.

ಅರ್ಥ್ ಎರಡೂ ಕಡೆ ಸೇರಿದ್ದರೆ ಈ ವ್ಯತ್ಯಾಸ ಲೂಪಿನೊಳಗೆ ಕೂತ ಬ್ಯಾಟರಿ ಇದ್ದಂತೆ. ಡಿಸಿ 50 ಮಿಲಿವೋಲ್ಟ್ ಅಂದುಕೊಳ್ಳಿ. ಕ ಕಡೆ 10 ಕಿಲೋಓಮ್ ಇದ್ದಾಗ ಆ ತುದಿಯಲ್ಲಿ 45 ಮಿಲಿವೋಲ್ಟ್ ಬೀಳುತ್ತದೆ, 1 ಕಿಲೋಓಮ್ ಇದ್ದಾಗ ನಾಲ್ಕೂವರೆ. ಕಳ್ಳ ಬೇರೇನೂ ಮಾಡಬೇಕಿಲ್ಲ, ಸರದಿಯ ಸರಾಸರಿ ವೋಲ್ಟೇಜ್ ನೋಡಿದರೆ 100 ಮಾದರಿಯಲ್ಲೇ ಮೂರಕ್ಕೆ ಎರಡು ಬಿಟ್ ಸರಿ ಹೇಳುತ್ತಾನೆ. ಅವಧಿ 1 ಸೆಕೆಂಡ್ ಇದ್ದರೆ ನೂರಕ್ಕೆ ತೊಂಬತ್ತೊಂದು! ತಂತಿಯ ರೋಧಕ್ಕಾಗಿ ತಲೆ ಕೆಡಿಸಿಕೊಂಡದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಆಪ್‌ಆಂಪಿನ ಆಫ್‌ಸೆಟ್ ಕೂಡ ಇದೇ ಕೆಲಸ ಮಾಡುತ್ತದೆ, ಸಣ್ಣ ಪ್ರಮಾಣದಲ್ಲಿ. 50 ಹರ್ಟ್ಜ್ ಗುಂಯ್‌ಗುಟ್ಟುವಿಕೆ ಅದೇ ಲೆಕ್ಕದಲ್ಲಿ, ಇನ್ನೂ ಸುಲಭವಾಗಿ ಬೇರ್ಪಡಿಸಬಹುದಾದ ಸಂಕೇತ.

ಪತ್ತೆ: ಎಲ್ಲ ಜನರೇಟರ್ ಆಫ್ ಮಾಡಿ, ರೆಸಿಸ್ಟರ್ ಮಾತ್ರ ಹಚ್ಚಿ, ತಂತಿಯ ಎಫ್‌ಎಫ್‌ಟಿ (ಯಾವ ಆವರ್ತನ ಎಷ್ಟಿದೆ ಅನ್ನುವ ಚಿತ್ರ) ನೋಡಿ. 50, 150, 250ರಲ್ಲಿ ಕೋಲು ನಿಂತಿದ್ದರೆ ಲೂಪ್ ಇದೆ. ಇನ್ವರ್ಟರ್ ಹತ್ತಿದಾಗ ಕೋಲುಗಳ ಎತ್ತರ ಬದಲಾದರೆ ಸಂಶಯವೇ ಉಳಿಯುವುದಿಲ್ಲ.

ಪರಿಹಾರ: ತುದಿಗೆ ಎರಡೆರಡು 12 ವೋಲ್ಟ್ 7 ಆಂಪ್‌ಅವರ್ ಯುಪಿಎಸ್ ಬ್ಯಾಟರಿ, ಮೇನ್ಸ್ ಸಂಬಂಧವೇ ಬೇಡ. ಅರ್ಥ್ ಒಂದೇ ತುದಿಯಲ್ಲಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಹಚ್ಚಿ ಅದರ ಚಾರ್ಜರ್ ಗೋಡೆಗೆ ಚುಚ್ಚಿದ್ದರೆ ಬ್ಯಾಟರಿ ಇಟ್ಟದ್ದೂ ವ್ಯರ್ಥ. ಚಾರ್ಜರಿನೊಳಗಿನ ಕೆಪಾಸಿಟರ್ ಮೂಲಕ ಮೇನ್ಸ್ ಒಳಗೆ ಬಂದೇ ಬರುತ್ತದೆ. ಡೇಟಾವನ್ನು ವೈಫೈ ಅಥವಾ ಆಪ್ಟೋಕಪ್ಲರ್ ಮೂಲಕ ತೆಗೆಯಿರಿ. ಸ್ವೀಕರಿಸುವ ಪ್ರೋಗ್ರಾಮಿನಲ್ಲಿ ಫಿಲ್ಟರ್ ಹಾಕಿ ‘50 ಹರ್ಟ್ಜ್ ಹೋಯಿತು’ ಅನ್ನುವವರು ತಮ್ಮ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಿಕೊಂಡಿರುತ್ತಾರೆ, ತಂತಿಯಲ್ಲಿ ಅದು ಹಾಗೇ ಇದೆ.

ಸ್ವಿಚ್, ರಿಲೇ, ಯಾದೃಚ್ಛಿಕ ಬಿಟ್

ಸಿಡಿ4066 ಥರದ ಅನಲಾಗ್ ಸ್ವಿಚ್ ಅಗ್ಗ, ಸದ್ದಿಲ್ಲ, ಆದರೆ ಆನ್ ಇದ್ದಾಗಿನ ಅದರ ರೋಧವೇ ನೂರು ಓಮ್ ಆಸುಪಾಸು, ಅದೂ ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ. 1 ಕಿಲೋಓಮ್‌ಗೆ ಇದು ಶೇ. 10ರ ತಪ್ಪು. ರೀಡ್ ರಿಲೇ ಬಳಸಿ.

ರಿಲೇ ಬದಲಾಗುವ ಕ್ಷಣದ ಜಿಗಿತ ತಂತಿಯಲ್ಲಿ ಓಡಿದರೆ ಯಾವ ತುದಿ ಏನು ಮಾಡಿತು ಅಂತ ಹೇಳಿಬಿಡುತ್ತದೆ. ಬದಲಾಯಿಸುವ ಮುಂಚೆ ಜನರೇಟರ್ ಮಟ್ಟವನ್ನು 10 ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿ, ರಿಲೇ ಹಾರಿ ಕುಣಿದು ನಿಲ್ಲಲು 10 ಕೊಟ್ಟು, ಮತ್ತೆ 10ರಲ್ಲಿ ಏರಿಸಿ. ಮೇಲೆ ಹೇಳಿದ 0.03 ಸೆಕೆಂಡ್ ಇದೇ.

ಪೇಟೆಯ ನೀಲಿ ರಿಲೇ ಬೋರ್ಡ್ ಬಳಸಿದ್ದರೆ ಅದರ ಕೆಂಪು ಎಲ್‌ಇಡಿ ಕಿತ್ತುಹಾಕಿ. ಬಿಟ್ 1 ಆದರೆ ಹತ್ತುತ್ತದೆ, 0 ಆದರೆ ಆರುತ್ತದೆ; ಕಿಟಕಿಯಾಚೆ ಮೊಬೈಲ್ ಹಿಡಿದು ನಿಂತವನಿಗೆ ಇಡೀ ಕೀಲಿ. ‘ಟಕ್’ ಸದ್ದೂ ಅಷ್ಟೇ: ಬದಲಾದರೆ ಮಾತ್ರ ಬರುತ್ತದೆ, ಬದಲಾಗದಿದ್ದರೆ ಇಲ್ಲ. ಪ್ರತಿ ಸರದಿಯ ಕೊನೆಗೆ ರಿಲೇಯನ್ನು ಎರಡೂ ಕಡೆ ಬಿಟ್ಟ ಸ್ಥಿತಿಗೆ ತಂದು, ನಂತರ ಒಂದೇ ಥರದ ಎರಡು ರಿಲೇಗಳಲ್ಲಿ ಒಂದನ್ನು ಒತ್ತಿದರೆ ಸದ್ದು ಪ್ರತಿ ಸರದಿಗೂ ಬರುತ್ತದೆ.

ಆರ್ಡುಯಿನೋದಲ್ಲಿ ಖಾಲಿ ಪಿನ್ ಓದಿ ಯಾದೃಚ್ಛಿಕ ಸಂಖ್ಯೆಗೆ ಬೀಜ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಆ ಓದು ಹತ್ತು ಬಿಟ್, ಅಂದರೆ ಬೀಜಗಳು 1,024 ಮಾತ್ರ. ಮಿಶ್ರ ಸರದಿ ಯಾವುದು ಅಂತ ಕಳ್ಳನಿಗೂ ಗೊತ್ತು. 1,024 ಬೀಜಗಳನ್ನೂ ಓಡಿಸಿ ಹೊಂದುವುದನ್ನು ಆರಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ತಂತಿ, ನೆಲ, ಜನರೇಟರ್ ಎಲ್ಲ ಶುದ್ಧ ಮಾಡಿದ ಮೇಲೆ ಇಲ್ಲಿ ಸೋತರೆ ಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟಂತೆ. ಇಎಸ್‌ಪಿ32ರ ಹಾರ್ಡ್‌ವೇರ್ ಯಾದೃಚ್ಛಿಕ ಮೂಲ ಒಳ್ಳೆಯದು, ಆದರೆ ವೈಫೈ ಅಥವಾ ಬ್ಲೂಟೂತ್ ಚಾಲೂ ಇದ್ದಾಗ ಮಾತ್ರ ಅದನ್ನು ನಿಜವಾದ ಯಾದೃಚ್ಛಿಕ ಅಂತ ನಂಬಬಹುದು. ವಿದ್ಯುತ್ ಉಳಿಸಲು ರೇಡಿಯೋ ಆರಿಸಿದವರು ಇದನ್ನು ಗಮನಿಸಿ.

ಕೆಪಾಸಿಟನ್ಸ್

305 ಮೀಟರಿನ ಒಂದು ಜೋಡಿಗೆ 16 ನ್ಯಾನೋಫ್ಯಾರಡ್‌ನಷ್ಟು. ದೂರದ ತುದಿ ಬಿಚ್ಚಿಟ್ಟು ಮೀಟರಿನಲ್ಲೇ ಅಳೆಯಬಹುದು. 500 ಹರ್ಟ್ಜ್‌ನಲ್ಲಿ ಇದು 20 ಕಿಲೋಓಮ್ ಇದ್ದಂತೆ, ಅದನ್ನು ತುಂಬಿಸುವ ಕರೆಂಟ್ ಬಹುಪಾಲು ಚಿಕ್ಕ ರೆಸಿಸ್ಟರ್ ಕಡೆಯಿಂದಲೇ ಬರುತ್ತದೆ. ಎರಡೂ ತುದಿಯ ಕರೆಂಟ್ ಹೋಲಿಸಿದವನಿಗೆ ಸುಳಿವು ಸಿಕ್ಕಿತು. ಅಗಲವನ್ನು 250 ಹರ್ಟ್ಜ್‌ಗೆ ಇಳಿಸಿದರೆ ಪರಿಣಾಮ ತಗ್ಗುತ್ತದೆ, ಕೀಲಿಯ ವೇಗ ಅರ್ಧವಾಗುತ್ತದೆ. ಕೋಆಕ್ಸ್ ಇದ್ದರೆ ಹೊರಗಿನ ಜಾಲರಿಯನ್ನು ನೆಲಕ್ಕೆ ಹಚ್ಚದೆ, ತಂತಿಯ ವೋಲ್ಟೇಜನ್ನೇ ಬಫರ್ ಮೂಲಕ ಜಾಲರಿಗೆ ಕೊಟ್ಟು ವಾಪಸ್ ತಂತಿಯನ್ನು ಬೇರೆ ಎಳೆಯಿರಿ. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇಲ್ಲದ ಮೇಲೆ ಕರೆಂಟೂ ಹರಿಯದು.

ಉಳಿದ ಸೋರಿಕೆಗೆ

ಎಷ್ಟು ಒರೆಸಿದರೂ ಶೇ. 51, 52 ಉಳಿಯುತ್ತದೆ. ಎರಡೆರಡು ಬಿಟ್ಟನ್ನು ಎಕ್ಸ್‌ಓಆರ್ ಮಾಡಿ (ಎರಡೂ ಒಂದೇ ಆದರೆ 0, ಬೇರೆಯಾದರೆ 1) ಒಂದಾಗಿಸಿ. ಶೇ. 58 ಇದ್ದದ್ದು 51.3ಕ್ಕೆ ಬರುತ್ತದೆ, ಇನ್ನೊಮ್ಮೆ ಮಾಡಿದರೆ 50.03. ಪ್ರತಿ ಸಲ ಕೀಲಿ ಅರ್ಧವಾಗುತ್ತದೆ, ಬಿಟ್ ತಪ್ಪು ಎರಡು ಪಟ್ಟಾಗುತ್ತದೆ. ನಮ್ಮ ವೇಗ ಸೆಕೆಂಡಿಗೆ ನಾಲ್ಕು ಬಿಟ್ಟಿಗಿಂತ ತುಸು ಕಡಿಮೆ. ಒಮ್ಮೆ ಮಡಿಸಿ 128 ಬಿಟ್ ಕೀಲಿ ತೆಗೆಯಲು ಒಂದು ನಿಮಿಷದ ಮೇಲೆ ಬೇಕು. ಆದರೆ ಇದನ್ನು ಕೊನೆಗೆ ಮಾಡಿ. ಅರ್ಥಿಂಗ್ ದೋಷ ಇಟ್ಟುಕೊಂಡು ಮೇಲೆ ಎಕ್ಸ್‌ಓಆರ್ ಹಾಕುವುದು ಸೋರುವ ಮಾಳಿಗೆಗೆ ಒಳಗಿನಿಂದ ಸುಣ್ಣ ಹೊಡೆದಂತೆ.

ತಂತಿ ಕತ್ತರಿಸಿ ನಡುವೆ ತನ್ನದೇ ಎರಡು ಪೆಟ್ಟಿಗೆ ಕೂರಿಸುವವನಿಗೆ ಇದ್ಯಾವುದೂ ಅಡ್ಡಿಯಲ್ಲ. ಅವನನ್ನು ಹಿಡಿಯಲು ಎರಡೂ ತುದಿಯವರು ಕ್ಷಣಕ್ಷಣದ ಕರೆಂಟ್, ವೋಲ್ಟೇಜ್ ಅಂಕಿಗಳನ್ನು ಬಹಿರಂಗವಾಗಿ ಹೋಲಿಸಬೇಕು. ಆ ಅಂಕಿ ಕಳ್ಳನಿಗೆ ಹೇಗೂ ಗೊತ್ತು, ಕೊಟ್ಟರೆ ನಷ್ಟವಿಲ್ಲ. ಹೋಲಿಸುವ ಸಂದೇಶ ಮಾತ್ರ ದೃಢೀಕೃತವಾಗಿರಬೇಕು, ಅದಕ್ಕೆ ಮೊದಲೇ ಕೈಯಿಂದ ಕೊಟ್ಟ ಒಂದು ಚಿಕ್ಕ ಕೀಲಿ ಬೇಕೇ ಬೇಕು. ಭೌತಶಾಸ್ತ್ರ ಇದನ್ನು ಉಚಿತವಾಗಿ ಕೊಡುವುದಿಲ್ಲ.

ತಂತಿ ಬಿಟ್ಟು ಫೈಬರ್ ಹಿಡಿದರೆ

ಕಲಬುರಗಿ–ಬೀದರ್ ರೈಲು ಮಾರ್ಗ ಸುಮಾರು 110 ಕಿ.ಮೀ. ಅಷ್ಟು ದೂರ ಕ್ಯಾಟ್-5ಇ ಜೋಡಿ ಎಳೆದರೆ 18 ಕಿಲೋಓಮ್ ದಾಟುತ್ತದೆ, ನಮ್ಮ ದೊಡ್ಡ ರೆಸಿಸ್ಟರಿಗಿಂತ ಹೆಚ್ಚು. ಈ ಪದ್ಧತಿ ಅಲ್ಲಿಗೆ ಮುಗಿಯಿತು. ಫೈಬರಿನಲ್ಲಿ ಕಿ.ಮೀ.ಗೆ 0.2 ಡೆಸಿಬೆಲ್‌ನಂತೆ 22 ಡೆಸಿಬೆಲ್ ನಷ್ಟ, ಸಾವಿರ ಫೋಟಾನಿಗೆ ಆರು ತಲುಪುತ್ತವೆ. ಚಾರ್ಲ್ಸ್ ಬೆನೆಟ್, ಜೀಲ್ ಬ್ರಸಾರ್ ಇಬ್ಬರೂ 1984ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಸಮ್ಮೇಳನದ ಹೊತ್ತಗೆಯಲ್ಲೇ ಪ್ರಕಟಿಸಿದ, ಒಂದೊಂದು ಫೋಟಾನಿನಲ್ಲಿ ಒಂದು ಬಿಟ್ ಕಳಿಸುವ ಬಿಬಿ84 ಪದ್ಧತಿ ಇದಕ್ಕೆ ಸಾಕು. ಕಳ್ಳ ಪ್ರತಿ ಫೋಟಾನ್ ಹಿಡಿದು ಮತ್ತೆ ಕಳಿಸಿದರೆ ದೋಷದರ (ಎರಡೂ ತುದಿಯಲ್ಲಿ ಹೊಂದದ ಬಿಟ್‌ಗಳ ಪಾಲು) ಶೇ. 25ಕ್ಕೆ ಏರುತ್ತದೆ, ಶೇ. 11 ದಾಟಿದರೆ ಕೀಲಿ ಬಿಸಾಡಬೇಕು ಅನ್ನುವುದು ನಿಯಮ.

ದೋಷದರ ಏರಿದರೆ ಕಾರಣ ಹೆಚ್ಚಾಗಿ ಕಳ್ಳ ಅಲ್ಲ. ಧೂಳು ಹಿಡಿದ ಕನೆಕ್ಟರ್, ಮಡಿಸಿದ ಪ್ಯಾಚ್‌ಕಾರ್ಡ್, ಅಥವಾ ರೂಮು 42 ಡಿಗ್ರಿ ಇದ್ದಾಗ ಫೋಟಾನ್ ಎಣಿಸುವ ಡಿಟೆಕ್ಟರನ್ನು ಮೈನಸ್ ಡಿಗ್ರಿಯಲ್ಲಿ ಇಡಲಾರದ ಪೆಲ್ಟಿಯರ್ (ವಿದ್ಯುತ್ತಿನಿಂದ ತಂಪು ಮಾಡುವ ಭಾಗ). ಡಿಟೆಕ್ಟರ್ ಬಿಸಿಯಾದರೆ ಬೆಳಕಿಲ್ಲದೆಯೂ ಎಣಿಸತೊಡಗುತ್ತದೆ. ಲೇಸರ್ ಆಫ್ ಮಾಡಿ ಎಣಿಕೆ ನೋಡಿದರೆ ತಿಳಿಯುತ್ತದೆ.

ದೋಷದರ ಏರದೇ ಸೋರುವ ಎರಡು ದಾರಿ ನೋಡಿ. ಮೊದಲನೆಯದು ಲೇಸರಿನದು. ಪಲ್ಸಿಗೆ ಸರಾಸರಿ 0.1 ಫೋಟಾನ್ ಇಟ್ಟರೂ ಸಾವಿರ ಪಲ್ಸಿನಲ್ಲಿ ಸುಮಾರು ಐದರಲ್ಲಿ ಎರಡು ಅಥವಾ ಹೆಚ್ಚು ಫೋಟಾನ್ ಇರುತ್ತವೆ. 110 ಕಿ.ಮೀ. ದಾಟಿ ತಲುಪುವುದು ಸಾವಿರ ಪಲ್ಸಿಗೆ ಒಂದಕ್ಕಿಂತ ಕಡಿಮೆ. ಕಳ್ಳ ಒಂಟಿ ಫೋಟಾನುಗಳನ್ನೆಲ್ಲ ತಡೆದು, ಜೋಡಿಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನಷ್ಟವಿಲ್ಲದ ದಾರಿಯಲ್ಲಿ ಕಳಿಸಿದರೆ ಲೆಕ್ಕ ಸರಿಹೋಗುತ್ತದೆ, ಇಡೀ ಕೀಲಿ ಅವನದು. ಪಲ್ಸುಗಳ ತೀವ್ರತೆಯನ್ನು ಯಾದೃಚ್ಛಿಕವಾಗಿ ಬದಲಿಸುವ ಡಿಕಾಯ್ ಪದ್ಧತಿ ಇದಕ್ಕೆ ಮದ್ದು. ಹ್ವಾಂಗ್ 2003ರಲ್ಲಿ ಸೂಚಿಸಿದ ಇದು 2005ರಲ್ಲಿ ಗಟ್ಟಿ ರೂಪ ಪಡೆಯಿತು. ಸೆಟ್ಟಿಂಗಿನಲ್ಲಿ ಡಿಕಾಯ್ ಆಫ್ ಇದ್ದರೆ ವೇಗ ಚೆನ್ನಾಗಿ ಕಾಣುತ್ತದೆ ಅಂತ ಹಾಗೇ ಬಿಡಬೇಡಿ.

ಎರಡನೆಯದು ಡಿಟೆಕ್ಟರಿನದು. ಅದರ ಮೇಲೆ ಜೋರು ಬೆಳಕು ಸುರಿದರೆ ಅದು ಒಂದೊಂದೇ ಫೋಟಾನ್ ಎಣಿಸುವುದನ್ನು ಬಿಟ್ಟು ಸಾಧಾರಣ ಫೋಟೋಡಯೋಡ್ ಆಗುತ್ತದೆ, ಕಳ್ಳ ಪಲ್ಸ್ ಕೊಟ್ಟಾಗ ಮಾತ್ರ ಕ್ಲಿಕ್ ಅನ್ನುತ್ತದೆ. 2010ರಲ್ಲಿ ಲಿಡರ್ಸನ್, ಮಕರೋವ್ ಮತ್ತು ಜೊತೆಗಾರರು ಪೇಟೆಯಲ್ಲಿ ಮಾರುವ ಯಂತ್ರಗಳ ಮೇಲೇ ಇದನ್ನು ತೋರಿಸಿದರು, ದೋಷದರ ಕದಲಲಿಲ್ಲ. ಪತ್ತೆಗೆ ಡಿಟೆಕ್ಟರಿನ ಬಯಾಸ್ ಕರೆಂಟ್ (ಅದಕ್ಕೆ ಹಚ್ಚಿದ ವೋಲ್ಟೇಜಿನಿಂದ ಹರಿಯುವ ಕರೆಂಟ್) ನೋಡಬೇಕು, ಎಣಿಕೆ ನೋಡಿ ಪ್ರಯೋಜನವಿಲ್ಲ. ಜೋರು ಬೆಳಕು ಬಿದ್ದಾಗ ಬಯಾಸ್ ಕರೆಂಟ್ ಮಾಮೂಲಿಗಿಂತ ಬಹಳ ಮೇಲೆ ಹೋಗಿ ನಿಲ್ಲುತ್ತದೆ. ಬಯಾಸ್ ಮಾರ್ಗದಲ್ಲಿ ಒಂದು ಸೆನ್ಸ್ ರೆಸಿಸ್ಟರ್ ಇಟ್ಟು, ಅಲಾರಂ ಮಟ್ಟವನ್ನು ಆ ಡಿಟೆಕ್ಟರಿನ ಗರಿಷ್ಠ ಎಣಿಕೆ ವೇಗದಲ್ಲಿ ಹರಿಯುವ ಕರೆಂಟಿಗಿಂತ ತುಸು ಮೇಲೆ ಇಡಿ. ಅದು ಹೊಡೆದ ಸರದಿಯ ಕೀಲಿಯನ್ನು ದೋಷದರ ಎಷ್ಟೇ ಚೆನ್ನಾಗಿದ್ದರೂ ಬಿಸಾಡಿ. ಡಿಟೆಕ್ಟರನ್ನೇ ನಂಬದೆ ಕೆಲಸ ಮಾಡುವ ಪದ್ಧತಿಯೂ 2012ರಿಂದ ಇದೆ. ಅದಕ್ಕೆ ಎರಡೂ ತುದಿಯ ಲೇಸರ್ ಬಣ್ಣ, ಸಮಯ ಎರಡೂ ಕೂಡಿಬರಬೇಕು. ಅದರ ದೋಷಗಳ ಪಟ್ಟಿಯೇ ಬೇರೆ.